ಗಾಡಿಯ ಕನ್ನಡಿ

ಹೆಂಗಸರಿಗೂ ಕನ್ನಡಿಗೂ ಬಿಡಿಸಲಾಗದ ನಂಟು ಎಂದು ಗಂಡಸರು ಚೇಷ್ಟೆ ಮಾಡುವುದುಂಟು. ಹಿಂದಿನ ಶಿಲ್ಪಿಗಳೂ ಅದನ್ನೇ ನಂಬಿದ್ದರೆಂದು ಕಾಣುತ್ತದೆ. ಬೇಲೂರಿನ ಗುಡಿಯ ಮದನಿಕೆಯ ಕೈಗೆ ಕನ್ನಡಿ ಕೊಟ್ಟು ನಿಲ್ಲಿಸಿದ್ದಾರೆ. ನಮ್ಮ ಕಾಳಗಿ ಸುತ್ತಿನ ತಾಂಡಾಗಳ ಹಿರಿಯ ಲಂಬಾಣಿ ಹೆಂಗಸರಂತೂ ಕನ್ನಡಿಯನ್ನು ರವಿಕೆ, ಲಂಗಗಳಿಗೇ ಹೊಲಿದುಕೊಂಡವರು. ಇದೆಲ್ಲ ನಿಜವೇ ಇರಲಿ. ಆದರೆ ಐವತ್ತು ದಾಟಿದ ಮೇಲೆ ನಾನು ಬಸ್ಸು ಹತ್ತಿ ಕಲಬುರಗಿಗೆ ಹೋಗಿ, ಚೌಕಾಶಿ ಮಾಡಿ ಎರಡು ಕನ್ನಡಿ ತಂದದ್ದು ಮುಖ ನೋಡಿಕೊಳ್ಳುವುದಕ್ಕಲ್ಲ. ನಮ್ಮ ಮನೆಯ ಹಳೆಯ ಪಿಕಪ್ ಗಾಡಿಗೆ.

ಮೊದಲು ಈ ಗಾಡಿಯ ವಿಷಯ ಹೇಳಬೇಕು. 1996ರಲ್ಲಿ, ಕಾಳಗಿ ಇನ್ನೂ ಚಿತ್ತಾಪುರ ತಾಲ್ಲೂಕಿಗೆ ಸೇರಿದ್ದಾಗ, ನಮ್ಮ ಮಾವನವರು ಅದನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡು ತಂದರು. ಮುಂದೆ ಮಹೀಂದ್ರ ಜೀಪಿನ ಮೂತಿ, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ಹೊಲದ ತೊಗರಿಯನ್ನು ಕಲಬುರಗಿಯ ಗಂಜಿಗೆ ಮುಟ್ಟಿಸುವುದು, ವಾಡಿಯ ಸಿಮೆಂಟು, ಶಹಾಬಾದಿನ ಪರಸಿ ಕಲ್ಲು ತರುವುದು, ಯಾರದೋ ಮದುವೆಯ ಪಾತ್ರೆ ಸಾಗಿಸುವುದು, ಎಲ್ಲಕ್ಕೂ ಅದೇ. ನಮ್ಮ ಅಂಗಳಕ್ಕೆ ಹಾಸಿದ ಪರಸಿಗಳೂ ಅದರ ಬೆನ್ನ ಮೇಲೆಯೇ ಬಂದವು. ಮಾವನವರು ತೀರಿಕೊಂಡ ಮೇಲೆ ನಮ್ಮ ಮನೆಯವರ ಕೈಗೆ ಬಂತು. ಅವರು ಅದನ್ನು ಒರೆಸುವ ಮುತುವರ್ಜಿ ನೋಡಿ, ನನ್ನನ್ನು ಹೀಗೆ ಒಂದು ದಿನವಾದರೂ ನೋಡಿಕೊಂಡಿದ್ದೀರಾ ಎಂದು ನಾನು ಕೆಣಕಿದ್ದುಂಟು.

ಆ ಗಾಡಿಗೆ ತಂದ ದಿನದಿಂದಲೂ ಎರಡೂ ಬದಿಯ ಕನ್ನಡಿ ಇರಲಿಲ್ಲ. ಹಿಂದಿನ ಮಾಲೀಕರ ಕಾಲದಲ್ಲಿ ಎಲ್ಲಿಯೋ ಮುರಿದು, ಬಾಗಿಲಿನ ತೂತುಗಳನ್ನೂ ಮುಚ್ಚಿ ಬಣ್ಣ ಬಳಿದಿದ್ದರು. ವಾಹನಕ್ಕೆ ಹಿಂಬದಿ ನೋಡುವ ಕನ್ನಡಿ ಇರಲೇಬೇಕೆಂದು ಕಾನೂನು ಹೇಳುತ್ತದೆ. ಹಾಗಾಗಿ ತಪಾಸಣೆಗೆ ಹೋಗುವ ದಿನ ಮಿಸ್ತ್ರಿಯ ಹತ್ತಿರ ಎರಡು ಕನ್ನಡಿ ಕಡ ತಂದು ಕ್ಲಾಂಪಿನಲ್ಲಿ ಸಿಕ್ಕಿಸುವುದು, ಬಂದ ಕೂಡಲೇ ಬಿಚ್ಚಿ ವಾಪಸು ಕೊಡುವುದು. ಪರೀಕ್ಷೆಯ ದಿನ ಮಾತ್ರ ಪಕ್ಕದವನ ಕಂಪಾಸ್ ಪೆಟ್ಟಿಗೆ ತರುವ ಹುಡುಗರನ್ನು ಮೂವತ್ತು ವರ್ಷದಿಂದ ನೋಡುತ್ತಿರುವ ನನಗೆ ಇದು ಹೊಸದೆನಿಸಲಿಲ್ಲ. ಒಳಗೆ ಒಂದು ಸಣ್ಣ ಕನ್ನಡಿ ಇತ್ತು. ಹಿಂದೆ ಚೀಲ ಹೇರಿದರೆ ಅದರಲ್ಲಿ ಕಾಣುವುದು ಬರೀ ಚೀಲ.

ಹಾಗಾದರೆ ಇಷ್ಟು ವರ್ಷ ಗಾಡಿ ಹಿಂದಕ್ಕೆ ಹೇಗೆ ಬಂತು? ಅದಕ್ಕೊಬ್ಬ ಹುಡುಗನಿದ್ದ. ಕ್ಲೀನರ್ ಎನ್ನಿ, ಮನೆಯ ಮಗ ಎನ್ನಿ. ಎಡಬದಿಯಲ್ಲಿ ಜೋತುಬಿದ್ದು, ಅಂಗೈಯಿಂದ ತಗಡು ಬಡಿಯುತ್ತಾ, “ಬರ್ಲಿ, ಬರ್ಲಿ... ಹೋಲ್ಡಾನ್!” ಎಂದು ಕೂಗುತ್ತಿದ್ದ. ಒಂದೇ ಏಟು ಬಿದ್ದರೆ ನಿಲ್ಲು, ಎರಡು ಬಿದ್ದರೆ ಬಾ. ಮಿಸ್ತ್ರಿ ಚಾಚಾ ತಮಾಷೆ ಮಾಡುತ್ತಿದ್ದರು, “ನಿಮ್ಮ ಗಾಡಿಗಿ ಐನಾ ಯಾಕ್ರೀ ಬೇಕು? ಆ ಹುಡುಗನೇ ಐನಾ.” ನಾಲ್ಕು ವರ್ಷದ ಕೆಳಗೆ ಹುಡುಗ ಹೈದರಾಬಾದಿಗೆ ಕೆಲಸಕ್ಕೆ ಹೋದ. ನಮ್ಮ ಭಾಗದ ಎಷ್ಟೋ ಮಕ್ಕಳು ಹೋದ ಹಾಗೆ. ಅವನು ಹೋದಾಗ ಅಡುಗೆಮನೆಯಲ್ಲಿ ಒಂದು ತಾಟು ಕಡಿಮೆಯಾದದ್ದು ನನಗೆ ಕಂಡಿತು. ಗಾಡಿಗೆ ಕಣ್ಣು ಹೋದದ್ದು ಕಾಣಲಿಲ್ಲ.

ಹೋದ ವರ್ಷ ಜನವರಿ. ತೊಗರಿ ರಾಶಿ ಮುಗಿದು ಚೀಲಗಳು ಪಡಸಾಲೆಯಲ್ಲಿದ್ದವು. ಭಾನುವಾರ ಬೆಳಿಗ್ಗೆ ಚೀಲ ಹೇರಲೆಂದು ಮನೆಯವರು ಗಾಡಿಯನ್ನು ಹೊಸ್ತಿಲ ಹತ್ತಿರಕ್ಕೆ ಹಿಂದೆ ತರುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಸುಮ್ಮನೆ ಕಿಟಕಿಯಿಂದ ನೋಡಿದೆ. ಗಾಡಿಯ ಹಿಂದೆ, ಅಂಗಳದ ನಟ್ಟನಡುವೆ, ಪಕ್ಕದ ಮನೆಯ ಮೂರು ವರ್ಷದ ಕೂಸು ಕುಂತಿತ್ತು. ಮುಂದೆ ಒಂದು ಸ್ಟೀಲಿನ ಲೋಟ. ಅದಕ್ಕೆ ನೆಲದ ತೊಗರಿ ಕಾಳು ಒಂದೊಂದೇ ಆರಿಸಿ ಹಾಕುತ್ತಿತ್ತು.

ನಾನು ಹೇಗೆ ಹೊರಗೆ ಬಂದೆನೋ ತಿಳಿಯದು. ಕೂಗಿದೆ. ಆ ಡೀಸೆಲ್ ಎಂಜಿನ್ನಿನ ಮುಂದೆ ನನ್ನ ದನಿ ಎಲ್ಲಿ ಕೇಳಬೇಕು? ಹಿಟ್ಟಿನ ಕೈಯಿಂದಲೇ ಗಾಡಿಯ ಬಾಗಿಲನ್ನು ದಬದಬ ಬಡಿದೆ. ಒಂದು ಏಟಿಗೆ ನಿಲ್ಲಬೇಕು, ಎರಡು ಏಟಿಗೆ ಬರಬೇಕು ಎಂಬುದು ಆ ಹೊತ್ತಿಗೆ ಯಾರಿಗೆ ನೆನಪು? ನಾನು ಬಡಿದಷ್ಟೂ ಅವರು, ಹಿಂದೆ ಸಾಫಾಗಿದೆ ಎಂದು ನಾನೇ ಹೇಳುತ್ತಿದ್ದೇನೆಂದು ತಿಳಿದು ಇನ್ನೂ ಹಿಂದಕ್ಕೆ ಬಿಟ್ಟರು. ಕಡೆಗೆ ನನ್ನ ಬಾಯಿಂದ ಆ ಹುಡುಗನ ಮಾತೇ ಬಂತು, “ಹೋಲ್ಡಾನ್!” ಗಾಡಿ ನಿಂತಿತು. ಕೂಸು ಎದ್ದು ಎರಡು ಹೆಜ್ಜೆ ಆಚೆ ಹೋಗಿತ್ತು, ದೇವರು ದೊಡ್ಡವನು. ಲೋಟ ಮಾತ್ರ ಗಾಲಿಯ ಅಡಿಯಲ್ಲಿ ಚಪ್ಪಟೆಯಾಗಿ ರೊಟ್ಟಿಯಂತಾಗಿತ್ತು. ಕೂಸು ಅತ್ತದ್ದೂ ಲೋಟಕ್ಕಾಗಿಯೇ.

ಆ ದಿನ ಮನೆಯವರು ಉಣ್ಣಲಿಲ್ಲ. ಚೀಲ ಹೇರಲಿಲ್ಲ. ಕೂಸಿನ ತಾಯಿ ಒಂದು ಮಾತೂ ಆಡದೆ ಮಗುವನ್ನು ಎತ್ತಿಕೊಂಡು ಹೋದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ರಾತ್ರಿ ದೀಪ ಆರಿಸಿದ ಮೇಲೆ ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದರು, “ಕುತ್ತಿಗಿ ತಿರಗಂಗಿಲ್ಲ ನಂದು. ಎರಡು ವರ್ಷ ಆತು.”

ನಾನು ಎದ್ದು ಕುಳಿತೆ. ಎರಡು ವರ್ಷ! ಅದೇ ಮನೆ, ಅದೇ ಪಡಸಾಲೆ. ಯಾರಾದರೂ ಹಿಂದಿನಿಂದ ಕರೆದರೆ ಅವರು ಕುತ್ತಿಗೆ ಹೊರಳಿಸದೆ ಮೈಯೆಲ್ಲ ತಿರುಗಿಸಿ ನೋಡುತ್ತಿದ್ದುದನ್ನು ನಾನು ಕಂಡಿದ್ದೆ. ವಯಸ್ಸಾದಂತೆ ಠೀವಿ ಹೆಚ್ಚಾಯಿತೆಂದು ಮನಸ್ಸಿನಲ್ಲೇ ನಕ್ಕಿದ್ದೆ. ಅದು ಠೀವಿಯಲ್ಲ, ನೋವು. ಗಾಡಿ ಹಿಂದಕ್ಕೆ ತರುವಾಗ ಅವರು ಹಿಂದೆ ನೋಡುತ್ತಲೇ ಇರಲಿಲ್ಲ. ಅಂದಾಜಿನ ಮೇಲೆ ತರುತ್ತಿದ್ದರು. “ಯಾಕ ಹೇಳ್ಲಿಲ್ರೀ?” ಎಂದೆ. “ಹೇಳಿದ್ರ ಗಾಡಿ ಬಿಡಸ್ತಿದ್ರಿ” ಎಂದರು. ನಿಜವೇ. ಮಗ ಫೋನಿನಲ್ಲಿ ವಿಷಯ ಕೇಳಿದವನು ಮೊದಲು ಆಡಿದ ಮಾತೇ, “ಮಾರಿಬಿಡ್ರಿ ಅದನ್ನ.”

ಮಾರುವುದೋ ಬಿಡುವುದೋ ಆಮೇಲಿನ ಮಾತು. ಮೊದಲು ಡಾಕ್ಟರಿಗೆ ತೋರಿಸಿದೆವು. ಕುತ್ತಿಗೆಯ ಮೂಳೆ ಸವೆದಿದೆ, ದೂರದ ಗಾಡಿ ಬಿಡುವುದು ಬೇಡ, ಊರ ಸುತ್ತಮುತ್ತ ಹಗಲಿನಲ್ಲಿ ಆದೀತು ಎಂದರು. ಅದರ ಮರುದಿನ ನಾನು ಕನ್ನಡಿ ತರಲು ಹೊರಟೆ. ಅವರೇ ಹೋಗಬಹುದಿತ್ತು. ಆದರೆ ಅಂಗಡಿಯಲ್ಲಿ ನಿಂತು, ನನಗೆ ಹಿಂದೆ ತಿರುಗಲು ಆಗುವುದಿಲ್ಲ, ಕನ್ನಡಿ ಕೊಡಿ ಎಂದು ಕೇಳುವುದು ಅವರಿಂದ ಆಗಲಿಲ್ಲ.

ಬಿಡಿಭಾಗದ ಅಂಗಡಿಯವನು, “ಸಪಾಟು ಬೇಕೇನ್ರೀ, ಉಬ್ಬಿದ್ದು ಬೇಕೇನ್ರೀ?” ಎಂದ. ನಾನು ಬಿ.ಎ., ಬಿ.ಎಡ್. ಸಮಾಜ ಪಾಠ ಮಾಡುವವಳು. ಆದರೆ ಪಕ್ಕದ ಕೋಣೆಯಲ್ಲಿ ವಿಜ್ಞಾನದ ಟೀಚರು ಪ್ರತಿ ವರ್ಷ ಹತ್ತನೆಯ ತರಗತಿಗೆ ಪೀನ ದರ್ಪಣದ ಪಾಠ ಮಾಡುವುದು ಗೋಡೆ ದಾಟಿ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ. ಉಬ್ಬಿದ ಕನ್ನಡಿಯಲ್ಲಿ ಬಿಂಬ ನೆಟ್ಟಗಿರುತ್ತದೆ, ಚಿಕ್ಕದಿರುತ್ತದೆ. ಚಿಕ್ಕದಾದ್ದರಿಂದಲೇ ಹೆಚ್ಚು ಅಗಲದ ನೋಟ ಅದರಲ್ಲಿ ಹಿಡಿಸುತ್ತದೆ. ಅಂಗಡಿಯವನು ಎರಡನ್ನೂ ಬೀದಿಯ ಕಡೆ ಹಿಡಿದು ತೋರಿಸಿದ. ಸಪಾಟಿನದರಲ್ಲಿ ಎದುರಿನ ಒಂದೇ ಅಂಗಡಿ ಕಂಡಿತು. ಉಬ್ಬಿದ್ದರಲ್ಲಿ ಇಡೀ ಸಾಲು, ಆಟೋ, ಎಮ್ಮೆ, ಎಲ್ಲ ಕಂಡವು. ಒಂದೇ ತೊಡಕು. ಚಿಕ್ಕದಾಗಿ ಕಂಡದ್ದು ದೂರವಿದೆ ಎಂದು ಕಣ್ಣು ಮೋಸಹೋಗುತ್ತದೆ. ಹಿಂದಿನ ಲಾರಿ ಕನ್ನಡಿಯಲ್ಲಿ ಕಂಡದ್ದಕ್ಕಿಂತ ಹತ್ತಿರವೇ ಇರುತ್ತದೆ. ಉಬ್ಬುಗನ್ನಡಿ ಸುಳ್ಳು ಹೇಳುವುದಿಲ್ಲ, ಸಣ್ಣದು ಮಾಡಿ ಹೇಳುತ್ತದೆ. ನಾವು ತವರಿಗೆ ಹೋದಾಗ ಅವ್ವನ ಮುಂದೆ ಕಷ್ಟ ಹೇಳುತ್ತೇವಲ್ಲ, ಹಾಗೆ. ನಮ್ಮವರೂ ಕುತ್ತಿಗೆಯ ನೋವನ್ನು ಹಾಗೆಯೇ ಮಾಡಿದ್ದರಷ್ಟೆ. ಉಬ್ಬಿದ್ದನ್ನೇ ಎರಡು ತೆಗೆದುಕೊಂಡೆ.

ಈ ಕನ್ನಡಿ ಗಾಡಿಗೆ ಬಂದದ್ದು ಹೇಗೆ ಎಂದು ಆಮೇಲೆ ಕುತೂಹಲಕ್ಕೆ ಓದಿ ತಿಳಿದುಕೊಂಡೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1911ರಲ್ಲಿ ಮೊದಲ 500 ಮೈಲಿ ಕಾರಿನ ಪಂದ್ಯ ನಡೆಯಿತು. ಉಳಿದವರೆಲ್ಲ ಹಿಂದೆ ಬರುವ ಗಾಡಿ ನೋಡಿ ಹೇಳಲು ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್‌ನನ್ನು ಕೂಡಿಸಿಕೊಂಡಿದ್ದರು. ರೇ ಹ್ಯಾರೂನ್ ಎಂಬುವನು ಒಬ್ಬನೇ ಹೊರಟ. ಇದು ಅಪಾಯ ಎಂದು ಉಳಿದವರು ತಕರಾರು ತೆಗೆದಾಗ ತನ್ನ ಕಾರಿಗೆ ಒಂದು ಕನ್ನಡಿ ಕೂಡಿಸಿದ, ಗೆದ್ದ. ಇಟ್ಟಿಗೆ ಹಾಸಿದ ದಾರಿಯಲ್ಲಿ ಕನ್ನಡಿ ಎಷ್ಟು ಅದುರಿತೆಂದರೆ ಅದರಲ್ಲಿ ಏನೂ ಕಾಣಲಿಲ್ಲವೆಂದು ಮುಂದೆ ಅವನೇ ಒಪ್ಪಿಕೊಂಡನಂತೆ. ಅವನಿಗಿಂತ ಎರಡು ವರ್ಷ ಮೊದಲೇ, 1909ರಲ್ಲಿ, ಇಂಗ್ಲೆಂಡಿನ ಡೊರೊಥಿ ಲೆವಿಟ್ ಎಂಬ ಹೆಣ್ಣುಮಗಳು ಕಾರು ಓಡಿಸುವ ಹೆಂಗಸರಿಗಾಗಿ ಒಂದು ಪುಸ್ತಕ ಬರೆದಿದ್ದಳು. ಒಂದು ಕೈಗನ್ನಡಿ ಜೊತೆಗಿರಲಿ, ನಡುನಡುವೆ ಎತ್ತಿ ಹಿಡಿದು ಹಿಂದಿನ ದಾರಿ ನೋಡಿಕೊಳ್ಳಿ ಎಂದು ಅದರಲ್ಲಿ ಹೇಳಿದ್ದಾಳೆ. ಹೆಂಗಸರ ಕನ್ನಡಿಯನ್ನು ಕಂಡು ನಗುವವರಿಗೆ ಇದನ್ನು ಹೇಳಬೇಕು.

ಮುಂದಿನ ಭಾನುವಾರ ಮಿಸ್ತ್ರಿ ಚಾಚಾ ಡ್ರಿಲ್ ಮಷಿನ್ ಹಿಡಿದು ಮನೆಗೇ ಬಂದರು. ಅವರು ಬಂದಾಗ ಕರೆಂಟು ಹೋಯಿತು. ಒಂದೂವರೆ ತಾಸು, ಎರಡು ಸಲ ಚಹಾ. ಆ ಹೊತ್ತಿನಲ್ಲಿ ಅವರು ಕೆಲಸದ ಅರ್ಧ ಮುಗಿಸಿದ್ದರು, ಎಂದರೆ ಅಳತೆ. “ತೂತು ಹೊಡಿಯೂದು ಐದು ಮಿನಿಟಿನ ಕೆಲಸ, ಟೀಚರಬಾಯಿ. ಎಲ್ಲಿ ಹೊಡೀಬೇಕು ಅಂಬೂದೇ ಕೆಲಸ” ಎಂದರು. ಮೊದಲು ಮನೆಯವರನ್ನು ಸೀಟಿನಲ್ಲಿ ಬೆನ್ನು ಆನಿಸಿ, ದಿನಾ ಕೂಡುವ ಹಾಗೆಯೇ ಕೂಡಿಸಿದರು. ಕನ್ನಡಿಯನ್ನು ಬಾಗಿಲಿಗೆ ಹಿಡಿದು ಮುಂದೆ, ಹಿಂದೆ ಸರಿಸಿ ನೋಡಿದರು. ಹಿಂದಿನ ತೊಟ್ಟಿ ಮುಂದಿನ ಕ್ಯಾಬಿನ್ನಿಗಿಂತ ಅಗಲ. ಆದ್ದರಿಂದ ಕನ್ನಡಿಯ ತೋಳು ತೊಟ್ಟಿಯ ಅಂಚು ದಾಟಿ ಹೊರಗೆ ಚಾಚಬೇಕು; ಇಲ್ಲದಿದ್ದರೆ ಅದರಲ್ಲಿ ತೊಟ್ಟಿಯೇ ಕಂಡೀತು. ಎಡಗಡೆಯ ಬಾಗಿಲಿನ ಮೇಲೆ ನನ್ನ ಹಿಟ್ಟಿನ ಕೈಗುರುತು ಇನ್ನೂ ಇತ್ತು. ದಿನಾ ಗಾಡಿ ಒರೆಸುವ ಮನುಷ್ಯ ಅದನ್ನು ಮಾತ್ರ ಒರೆಸಿರಲಿಲ್ಲ. ಚಾಚಾ ಅದನ್ನು ನೋಡಿದರು, ಏನೂ ಕೇಳದೆ ಅದರ ಮೇಲುಗಡೆ ಗುರುತು ಹಾಕಿದರು.

ಕರೆಂಟು ಬಂದ ಮೇಲೆ, ಗುರುತಿನ ಮೇಲೆ ಪಂಚಿಟ್ಟು ಸುತ್ತಿಗೆಯಿಂದ ಒಂದೇ ಏಟು. ಆ ಸಣ್ಣ ತಗ್ಗು ಇಲ್ಲದಿದ್ದರೆ ಡ್ರಿಲ್ಲಿನ ಮೊನೆ ಜಾರಿ ಬಣ್ಣವೆಲ್ಲ ಗೀರುತ್ತದೆಯಂತೆ. ಮೊದಲು ಸಣ್ಣ ತೂತು, ಆಮೇಲೆ ಅದನ್ನೇ ದೊಡ್ಡದು ಮಾಡುವುದು. ತೂತಿನ ಅಂಚಿಗೆ ರೆಡ್ ಆಕ್ಸೈಡ್ ಹಚ್ಚಿದರು. ಬರಿಯ ಕಬ್ಬಿಣಕ್ಕೆ ಗಾಳಿ, ನೀರು ಸೋಕಿದರೆ ಅಲ್ಲಿಂದಲೇ ತುಕ್ಕು ಶುರು. ಹಳೆಯ ಬಾಗಿಲಿನ ತಗಡು ತೆಳುವಾಗಿತ್ತು. ಅದಕ್ಕೆ ಒಳಗಿನಿಂದ ಒಂದು ಕಬ್ಬಿಣದ ಪಟ್ಟಿ ಕೊಟ್ಟು, ಹೊರಗೆ ರಬ್ಬರಿನ ಮೆತ್ತೆ ಇಟ್ಟು, ಸ್ಪ್ರಿಂಗ್ ವಾಶರ್ ಹಾಕಿ, ನಟ್ಟು ಬೋಲ್ಟು ಬಿಗಿದರು. “ತಗಡು ಅಲುಗಿದ್ರ ಐನಾ ಅಲುಗ್ತದ. ಐನಾ ಅಲುಗಿದ್ರ ಒಂದು ಲಾರಿ ನಾಲ್ಕಾಗಿ ಕಾಣ್ತದ” ಎಂದರು. ನನಗೆ ಆ ಹ್ಯಾರೂನ್ ನೆನಪಾದ. ಅವನಿಗೆ ನಮ್ಮ ಚಾಚಾ ಸಿಕ್ಕಿರಲಿಲ್ಲ.

ಇನ್ನು ಹೊಂದಿಸುವ ಕೆಲಸ. ಬಲಗಡೆಯದನ್ನು ಅವರು ಕೂತಲ್ಲಿಂದಲೇ ಕೈಚಾಚಿ ಹೊಂದಿಸಿಕೊಂಡರು. ಒಳ ಅಂಚಿನಲ್ಲಿ ನಮ್ಮದೇ ಗಾಡಿಯ ಒಂದು ಎಳೆಯಷ್ಟು ಮೈ ಕಾಣಬೇಕು, ಉಳಿದುದೆಲ್ಲ ದಾರಿ. ಎಡಗಡೆಯದಕ್ಕೆ ಕೈ ನಿಲುಕುವುದಿಲ್ಲ. ಚಾಚಾ ನನ್ನನ್ನು ಅಲ್ಲಿ ನಿಲ್ಲಿಸಿದರು. ನಾನು ತಿರುಗಿಸುವುದು, ಅವರು ಒಳಗಿನಿಂದ, “ಇನ್ನ ಚೂರು ಕೆಳಗ... ಹೊರಗ... ಹಾಂ, ಹಾಂ” ಎನ್ನುವುದು. ತಿರುಗಿಸುತ್ತಾ, ಅವರಿಗೆ ಹಿಂದಿನದು ಕಾಣುತ್ತದೆಯೋ ಎಂದು ತೊಟ್ಟಿಯ ಪಕ್ಕಕ್ಕೆ ಹೋಗಿ ನಿಂತು ಕನ್ನಡಿಯಲ್ಲಿ ಇಣುಕಿದೆ. ಅದರಲ್ಲಿ ನನ್ನ ಮುಖವಿರಲಿಲ್ಲ. ಅವರ ಎರಡು ಕಣ್ಣುಗಳಿದ್ದವು, ನೇರವಾಗಿ ನನ್ನನ್ನೇ ನೋಡುತ್ತಿದ್ದವು. “ಈಗ ನೀ ಕಾಣ್ತಿ” ಎಂದರು. ನಾನು ಒಂದು ಹೆಜ್ಜೆ ಸರಿದೆ, ಕಣ್ಣು ಮಾಯವಾದವು. “ಈಗಿಲ್ಲ” ಎಂದರು.

ಬೆಳಕಿನ ದಾರಿ ಎರಡೂ ಕಡೆಗೆ ಒಂದೇ ಎಂದು ವಿಜ್ಞಾನದ ಟೀಚರು ಆಮೇಲೆ ಬಿಡಿಸಿ ಹೇಳಿದರು. ನಮಗೆ ಕನ್ನಡಿಯಲ್ಲಿ ಡ್ರೈವರನ ಕಣ್ಣು ಕಂಡರೆ ಅವನಿಗೆ ನಾವು ಕಾಣಬಲ್ಲೆವು. ಕಾಣದಿದ್ದರೆ ಅವನ ಪಾಲಿಗೆ ನಾವು ಅಲ್ಲಿ ಇಲ್ಲವೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಮಗುವಿನ ಕೈ ಹಿಡಿದು ಲಾರಿ ಬಸ್ಸುಗಳ ಪಕ್ಕ ಹಾಯುವಾಗ ಇದೊಂದನ್ನು ದಯವಿಟ್ಟು ನೆನಪಿಡಿ.

ಚಾಚಾ ಹೊರಡುವ ಮೊದಲು ನನಗೆ ಇನ್ನೊಂದು ಸಂಶಯ ಬಂತು. ಬ್ಯಾಗಿನಿಂದ ಸೀಮೆಸುಣ್ಣ ತಂದೆ. ಕೂಸಿನ ಎತ್ತರಕ್ಕೆ ಸರಿಯಾಗಿ ಕೊಡದ ಮೇಲೊಂದು ಕೊಡ ಇಟ್ಟು, ಅಂಗಳದಲ್ಲಿ ಒಂದೊಂದೇ ಪರಸಿಗೆ ಸರಿಸುತ್ತಾ ಹೋದೆ. ಅವರು ಕಾಣುತ್ತದೆ ಎಂದಲ್ಲಿ ಸೊನ್ನೆ, ಕಾಣುವುದಿಲ್ಲ ಎಂದಲ್ಲಿ ಕತ್ತರಿ ಗುರುತು. ಮಾರ್ಕು ಹಾಕುವುದು ನನಗೆ ರೂಢಿಯ ಕೆಲಸ. ಎರಡೂ ಬದಿಯ ಪರಸಿಗಳಲ್ಲಿ ಸೊನ್ನೆ ತುಂಬಿದವು. ಗಾಡಿಯ ನೇರ ಹಿಂದೆ, ನನ್ನ ಹೆಜ್ಜೆಯಲ್ಲಿ ಎಂಟು ಹೆಜ್ಜೆಯವರೆಗೆ, ಬರೀ ಕತ್ತರಿ. ಎರಡು ಹೊಸ ಕನ್ನಡಿ ಬಂದರೂ, ಕೂಸು ಅಂದು ಕುಳಿತಿದ್ದ ಪರಸಿ ಕತ್ತರಿಯೊಳಗೇ ಉಳಿಯಿತು.

ಮೂವರೂ ಆ ಗುರುತುಗಳನ್ನು ನೋಡುತ್ತಾ ನಿಂತೆವು. ಚಾಚಾ ಗಡ್ಡ ಸವರಿಕೊಂಡು, “ಐನಾ ಬಗಲಿನದು ತೋರಿಸ್ತದ, ಬೆನ್ನಿಂದು ತೋರ್ಸಂಗಿಲ್ಲ. ಅದಕ್ಕ ಮನುಷ್ಯಾನೇ ಬೇಕು” ಎಂದರು. ಮನೆಯವರು ಕೆಳಗಿಳಿದು ಆ ಪರಸಿಯ ಹತ್ತಿರ ಬಹಳ ಹೊತ್ತು ಕುಳಿತರು. ಆಮೇಲೆ ಅವರೇ ನಿಯಮ ಮಾಡಿದರು. ಯಾರಾದರೊಬ್ಬರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಹಿಂದೆ ಅವರ ಕಣ್ಣಿಗೆ ಕಾಣುವಲ್ಲಿ ನಿಲ್ಲದೆ ಗಾಡಿ ಹಿಂದಕ್ಕೆ ಬರುವಂತಿಲ್ಲ. ಯಾರೂ ಇಲ್ಲದಿದ್ದರೆ ತಾವೇ ಇಳಿದು ನೋಡಬೇಕು. ಈ ಬುದ್ಧಿ ನಮಗೆ ಒಂದು ಸ್ಟೀಲ್ ಲೋಟದ ಬೆಲೆಗೆ ಬಂತು. ಎಲ್ಲರಿಗೂ ಅಷ್ಟು ಅಗ್ಗಕ್ಕೆ ಸಿಗುವುದಿಲ್ಲ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನ ತರಗತಿಯ ಮಕ್ಕಳನ್ನೂ ಅಂಗಳಕ್ಕೆ ಕರೆತಂದೆ. ಒಬ್ಬೊಬ್ಬರನ್ನೇ ಡ್ರೈವರನ ಸೀಟಿನಲ್ಲಿ ಕೂಡಿಸಿ ಹಿಂದಿನ ಗೆಳೆಯರನ್ನು ಎಣಿಸಲು ಹೇಳಿದೆ. ಹದಿನೈದು ಮಂದಿ ನಿಂತಲ್ಲಿ ಒಬ್ಬ ಏಳೇ ಎಣಿಸಿದ. ಕೆಳಗಿಳಿದು ಉಳಿದ ಎಂಟು ಮಂದಿಯನ್ನು ನೋಡಿ ಅವನ ಮುಖ ಸಣ್ಣದಾಯಿತು. ಮಕ್ಕಳು ಹೋದ ಮೇಲೆ ನಾನೂ ಕುಳಿತು ನೋಡಿದೆ. ಅವರ ಎತ್ತರಕ್ಕೆ ಹೊಂದಿಸಿದ ಕನ್ನಡಿಯಲ್ಲಿ ಕುಳ್ಳಿಯಾದ ನನಗೆ ಕಂಡದ್ದು ಬೇವಿನ ಮರ ಮತ್ತು ಒಂದಿಷ್ಟು ಆಕಾಶ. ಒಬ್ಬರ ಕಣ್ಣಿಗೆ ಹೊಂದಿಸಿದ್ದು ಇನ್ನೊಬ್ಬರಿಗೆ ಬಾರದು. ಮೂವತ್ತು ವರ್ಷ ಅವರು ಸೀಟಿನಿಂದಲೂ ನಾನು ಕಿಟಕಿಯಿಂದಲೂ ಒಂದೇ ಅಂಗಳವನ್ನು ನೋಡಿದೆವು. ಅವರ ಕುತ್ತಿಗೆ ನನಗೆ ಕಾಣಲಿಲ್ಲ. ಆ ಕೂಸು ಅವರಿಗೆ ಕಾಣಲಿಲ್ಲ.

ಗಾಡಿ ಮಾರುವ ಮಾತು ಇನ್ನೂ ಮುಗಿದಿಲ್ಲ. ಮಗ ಬಂದಾಗಲೆಲ್ಲ ಏಳುತ್ತದೆ, ಚಹಾದ ಜೊತೆ ತಣ್ಣಗಾಗುತ್ತದೆ. ಮನೆಯವರು ಈಗ ಹೊಲದವರೆಗೆ, ಹಗಲಿನಲ್ಲಿ ಮಾತ್ರ ಬಿಡುತ್ತಾರೆ. ಕಲಬುರಗಿಯ ಗಂಜಿಗೆ ತೊಗರಿ ಬೇರೆಯವರ ಟೆಂಪೋದಲ್ಲಿ ಹೋಗುತ್ತದೆ. ಮಳೆಗೆ ಅಂಗಳದ ಕತ್ತರಿ ಗುರುತುಗಳು ತೊಳೆದುಹೋದಾಗ ನಾನು ಮತ್ತೆ ಬರೆಯುತ್ತೇನೆ.

ಪಕ್ಕದ ಮನೆಯ ತಾಯಿ ಎರಡು ತಿಂಗಳು ಕೂಸನ್ನು ನಮ್ಮ ಕಡೆ ಬಿಡಲಿಲ್ಲ. ನಾನು ಹೊಸ ಲೋಟ ಕೊಂಡು ಹೋಗಿ ಕೊಟ್ಟು ಬಂದೆ. ಯುಗಾದಿಯ ದಿನ ಬೇವು ಬೆಲ್ಲದ ಬಟ್ಟಲು ಹಿಡಿದು ಅವಳೇ ಬಂದಳು, ಕೂಸೂ ಹಿಂದೆ ಬಂತು. ಈಗ ಅದಕ್ಕೆ ನಾಲ್ಕು ತುಂಬಿದೆ. ಗಾಡಿ ನಿಂತಿದ್ದರೂ ಬಿಡುವುದಿಲ್ಲ. ಎಡಗಡೆ ಬಂದು ನಿಂತು, ತುದಿಗಾಲಲ್ಲಿ ಕನ್ನಡಿ ಇಣುಕಿ, “ಆಯಿ, ಮುತ್ಯಾ ಕಾಣವಲ್ಲ” ಎನ್ನುತ್ತದೆ. ಮುತ್ಯಾ ಒಳಗೆ ಉಣ್ಣುತ್ತಿರುತ್ತಾರೆ. ಅಲ್ಲಿಂದಲೇ ಕೂಗುತ್ತಾರೆ, “ಹೋಲ್ಡಾನ್ ಅನ್ನವ್ವಾ, ಹೋಲ್ಡಾನ್.” ಅದು ಪುಟ್ಟ ಅಂಗೈಯಿಂದ ಬಾಗಿಲಿಗೆ ಒಂದೇ ಏಟು ಬಡಿಯುತ್ತದೆ.